ನಟ ಗಿರೀಶ ಕಾರ್ನಾಡ ಮತ್ತು ನಮ್ಮ ಶಿರಸಿ

ಗಿರೀಶ ಕಾರ್ನಾಡರ ಹೆಸರು ಬಂದಾಗಲೆಲ್ಲ ಶಿರಸಿ ಸೀಮೆಯವರಾದ ನಾವು "ಅವರು ಬೆಳೆದದ್ದು ನಮ್ಮೂರಿನಲ್ಲಿ" ಎಂಬ ಮಾತನ್ನು ಸೇರಿಸದೆ ಬಿಡುವುದಿಲ್ಲ. ಧಾರವಾಡದವರು ಅವರನ್ನು ತಮ್ಮವರೆನ್ನುತ್ತಾರೆ, ಬೆಂಗಳೂರಿನವರೂ ಹಾಗೆಯೇ ಎನ್ನುತ್ತಾರೆ. 1938ರ ಮೇ 19ರಂದು ಅವರು ಹುಟ್ಟಿದ್ದು ಮುಂಬಯಿ ಸಮೀಪದ ಮಾಥೇರಾನಿನಲ್ಲಿ ಆದ್ದರಿಂದ ಅಲ್ಲಿಯವರಿಗೂ ಒಂದು ಪಾಲು ಸಲ್ಲಬೇಕು. ಈ ಪಾಲುಪಟ್ಟಿಯ ತಕರಾರು ನನಗೆ ಮುಖ್ಯವಲ್ಲ. ನಾಟಕಕಾರ ಕಾರ್ನಾಡರ ವಿಷಯವನ್ನೂ ನಾನಿಲ್ಲಿ ಬರೆಯುತ್ತಿಲ್ಲ. 'ತುಘಲಕ್', 'ಹಯವದನ'ಗಳ ಬಗೆಗೆ ನಿಮ್ಮಲ್ಲಿ ಅನೇಕರು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಬಂಧ ಬರೆದವರೇ ಇದ್ದೀರಿ. ನನ್ನ ಕುತೂಹಲವಿರುವುದು ನಟ ಕಾರ್ನಾಡರಲ್ಲಿ. ನಾಟಕ ತಮ್ಮ ಪ್ರೀತಿಯ ಕೆಲಸ, ಸಿನಿಮಾ ನಟನೆ ಜೀವನೋಪಾಯ ಎಂಬ ಧಾಟಿಯಲ್ಲಿಯೇ ಅವರು ಮಾತನಾಡುತ್ತಿದ್ದರು. ವಿಮರ್ಶಕರು ಅದನ್ನೇ ನಂಬಿದರು. ಹೀಗಾಗಿ ಸುಮಾರು ಐದು ದಶಕ, ಐದಾರು ಭಾಷೆಗಳಲ್ಲಿ ನಡೆದ ಆ ನಟನಾವೃತ್ತಿಯನ್ನು ಗಂಭೀರವಾಗಿ ನೋಡುವವರು ಕಡಿಮೆಯಾದರು. ನಮ್ಮ ಮೊಮ್ಮಕ್ಕಳಿಗಂತೂ ಅವರು ಸಲ್ಮಾನ್ ಖಾನನ 'ಟೈಗರ್' ಚಿತ್ರದ ಅಜ್ಜ.

ಮೊದಲು ಶಿರಸಿಯ ಮಾತು. ಕಾರ್ನಾಡರ ತಂದೆ ಡಾ. ರಘುನಾಥ ಕಾರ್ನಾಡರು ಮುಂಬಯಿ ಸರ್ಕಾರದ ವೈದ್ಯಕೀಯ ಸೇವೆಯಲ್ಲಿದ್ದವರು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತೆಂಬುದನ್ನು ಕಿರಿಯರು ನೆನಪಿಡಬೇಕು. 1956ರ ನವೆಂಬರ್ 1ರವರೆಗೆ ನಮ್ಮ ಸರ್ಕಾರಿ ವೈದ್ಯರು, ಮಾಮಲೇದಾರರು, ಶಾಲಾ ತಪಾಸಣಾಧಿಕಾರಿಗಳು ಎಲ್ಲರೂ ಮುಂಬಯಿ ಸರ್ಕಾರದ ಆಜ್ಞೆಯ ಮೇಲೆ ಬಂದು ಹೋಗುವವರಾಗಿದ್ದರು. ಹಾಗೆ ಬಂದ ವೈದ್ಯರ ಮನೆಯ ಹುಡುಗ ಗಿರೀಶ. ಮನೆಯ ಮಾತು ಕೊಂಕಣಿ, ಮೊದಲ ಶಾಲೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಹುಡುಗನಿಗೆ ಹದಿನಾಲ್ಕು ವರ್ಷವಾದಾಗ ಕುಟುಂಬ ಧಾರವಾಡಕ್ಕೆ ಹೋಯಿತು. ಅಂದರೆ ನಮ್ಮೂರಿಗೆ ದಕ್ಕಿದ್ದು ಅವರ ಬಾಲ್ಯ ಮಾತ್ರ. ಆದರೆ ಆ ಬಾಲ್ಯದಲ್ಲಿಯೇ ಅವರು ಎರಡು ರಂಗಭೂಮಿಗಳನ್ನು ಕಂಡರು. ಅದನ್ನು ಅವರೇ ತಮ್ಮ ನಾಟಕಗಳ ಇಂಗ್ಲಿಷ್ ಸಂಪುಟವೊಂದರ ಮುನ್ನುಡಿಯಲ್ಲಿ ಬರೆದಿದ್ದಾರೆ.

ಒಂದು, ಊರೂರು ತಿರುಗುವ ನಾಟಕ ಕಂಪನಿಗಳದು. ತಾತ್ಕಾಲಿಕ ಥಿಯೇಟರು, ಚೌಕಟ್ಟಿನ ರಂಗ, ಪಕ್ಕದ ವಿಂಗುಗಳು, ಏರಿಳಿಯುವ ಪರದೆ, ಪೆಟ್ರೋಮ್ಯಾಕ್ಸ್ ದೀಪ. ನಾವು ಅದನ್ನು ಗ್ಯಾಸ್‌ಲೈಟು ಎನ್ನುತ್ತಿದ್ದೆವು. ಅಲ್ಲಿಗೆ ಡಾಕ್ಟರು ಮನೆಮಂದಿಯನ್ನೆಲ್ಲ ಕರೆದೊಯ್ಯುತ್ತಿದ್ದರು. ಇನ್ನೊಂದು ಯಕ್ಷಗಾನ, ನಮ್ಮ ಕಡೆಯ ಮಾತಿನಲ್ಲಿ 'ಆಟ'. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಹಾಕಿದ ರಂಗಸ್ಥಳ, ದೊಂದಿಯ ಬೆಳಕು, ಬೆಳಗಿನವರೆಗೆ ಚಂಡೆ. ಇದಕ್ಕೆ ಹುಡುಗ ಹೋಗುತ್ತಿದ್ದುದು ತಂದೆಯೊಡನೆ ಅಲ್ಲ, ಮನೆಯ ಆಳುಗಳೊಡನೆ. ಈ ಸಣ್ಣ ವಿವರ ನನಗೆ ಬಹಳ ಅರ್ಥಪೂರ್ಣವೆನಿಸುತ್ತದೆ. ಕುರ್ಚಿಯ ಮೇಲೆ ಕುಳಿತು ನೋಡುವ ರಂಗಭೂಮಿ ಒಂದು, ಕಂಬಳಿ ಹಾಸಿಕೊಂಡು ನೋಡುವುದು ಇನ್ನೊಂದು. ಎರಡರ ಪ್ರೇಕ್ಷಕರೂ ಒಂದೇ ಊರಿನವರು, ಆದರೆ ಒಬ್ಬರು ಇನ್ನೊಬ್ಬರ ಪಕ್ಕದಲ್ಲಿ ಕೂರುವವರಲ್ಲ. ವೈದ್ಯರ ಮಗನಿಗೆ ಮಾತ್ರ ಎರಡೂ ಕಡೆ ಜಾಗವಿತ್ತು, ಎರಡೂ ಕಡೆ ಅವನು ಸ್ವಲ್ಪ ಹೊರಗಿನವನೂ ಆಗಿದ್ದ.

'ಹಯವದನ'ದ ಭಾಗವತ, ಅರ್ಧ ತೆರೆ, ಗಣಪತಿ ಪೂಜೆ ಇವೆಲ್ಲ ಆ ಬಯಲಿನಿಂದ ಬಂದವೆಂದು ನಾಟಕ ವಿಮರ್ಶಕರು ಹೇಳಿಯೇ ಇದ್ದಾರೆ. ಆದರೆ ನಟನೆಗೆ ಅಲ್ಲಿಂದ ಏನು ಬಂತು? ನನ್ನ ಉತ್ತರ: ಏನೂ ಬರಲಿಲ್ಲ. ಕಂಪನಿ ನಾಟಕದ ನಟ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳುವಂತೆ ಕೂಗಬೇಕು. ಯಕ್ಷಗಾನದ ವೇಷಧಾರಿ ಮನುಷ್ಯನಿಗಿಂತ ದೊಡ್ಡವನಾಗಬೇಕು. ಕಾರ್ನಾಡರು ಎರಡನ್ನೂ ಮಾಡಲಿಲ್ಲ. ಎಮ್.ಎ. ಓದಲು ಮುಂಬಯಿಗೆ ಹೋದಾಗ ಇಬ್ರಾಹಿಂ ಅಲ್ಕಾಜಿಯವರು ಆಡಿಸಿದ ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ'ಯನ್ನು ಕಂಡು ಬೆರಗಾದುದನ್ನು ಅವರು ಅದೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಮನುಷ್ಯರು ತಮ್ಮ ಅಂತರಂಗವನ್ನು ನಾಲ್ಕು ಜನರೆದುರು ಹೀಗೆ ಬಿಚ್ಚಿಡುವುದನ್ನು ಅವರು ಎಂದೂ ಕಂಡಿರಲಿಲ್ಲ. ದೀಪಗಳು ಮೆಲ್ಲನೆ ಮಂದವಾಗುವುದನ್ನೂ ಕಂಡಿರಲಿಲ್ಲ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಾಟಕ ನೋಡಿ ಬೆಳೆದವರಿಗೆ ಆ ಎರಡನೆಯ ಬೆರಗು ಬೇಗ ಅರ್ಥವಾಗುತ್ತದೆ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪದವಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಿಂದ 63ರವರೆಗೆ ಆಕ್ಸ್‌ಫರ್ಡ್, ಅಲ್ಲಿಯ ವಿದ್ಯಾರ್ಥಿಗಳ ಚರ್ಚಾಸಂಘದ ಅಧ್ಯಕ್ಷಗಿರಿ, ಬಳಿಕ ಏಳು ವರ್ಷ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿ. ನಟನ ದೃಷ್ಟಿಯಿಂದ ಇವುಗಳಲ್ಲಿ ಮುಖ್ಯವಾದದ್ದು ಮದ್ರಾಸು. 'ಮದ್ರಾಸ್ ಪ್ಲೇಯರ್ಸ್' ಎಂಬ ಇಂಗ್ಲಿಷ್ ಹವ್ಯಾಸಿ ತಂಡದೊಡನೆ ಅವರು ಬೆರೆತದ್ದು ಅಲ್ಲಿಯೇ. ಆ ಬಳಗದಲ್ಲಿದ್ದವರು ಸ್ನೇಹಲತಾ ರೆಡ್ಡಿ. ಅವರ ಪತಿ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಚಿತ್ರ ನಿರ್ಮಾಪಕ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1965ರಲ್ಲಿ ಬಂದಿತ್ತು. ಈ ಬಳಗ ಅದನ್ನು ಚಿತ್ರ ಮಾಡಲು ಹೊರಟಿತು. ಚಿತ್ರಕಥೆ ಬರೆದ ಕಾರ್ನಾಡರೇ ಪ್ರಾಣೇಶಾಚಾರ್ಯರಾದರು, ಸ್ನೇಹಲತಾ ಚಂದ್ರಿಯಾದರು, ಪಿ. ಲಂಕೇಶರು ನಾರಣಪ್ಪ.

1970ರ ಆ ಚಿತ್ರವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ತಡೆ ತೆರವಾಗಿ, ಕೊನೆಗೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. ಅಗ್ರಹಾರದಲ್ಲಿ ಶವ ಕೊಳೆಯುತ್ತಿದೆ, ಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಗ್ರಂಥಗಳಲ್ಲಿ ಉತ್ತರವಿಲ್ಲ. ಎಲ್ಲರೂ ಒಬ್ಬ ಪಂಡಿತನ ಮುಖ ನೋಡುತ್ತಿದ್ದಾರೆ, ಆ ಪಂಡಿತನಿಗೆ ತೋಚುತ್ತಿಲ್ಲ. ಕಾರ್ನಾಡರು ಆ 'ತೋಚದಿರುವಿಕೆ'ಯನ್ನು ಅಭಿನಯಿಸಿದರು. ಎದೆ ಬಡಿದುಕೊಳ್ಳಲಿಲ್ಲ, ಆಕಾಶಕ್ಕೆ ಕೈಯೆತ್ತಲಿಲ್ಲ. ಅಂದಿನ ಪ್ರೇಕ್ಷಕರಲ್ಲಿ ಹಲವರಿಗೆ ಇದು ಅಭಿನಯವೇ ಅಲ್ಲವೆನಿಸಿದ್ದರೆ ಆಶ್ಚರ್ಯವಿಲ್ಲ. (ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಆರೋಗ್ಯ ಕೆಟ್ಟು, ಬಿಡುಗಡೆಯಾದ ಸ್ವಲ್ಪ ಕಾಲದಲ್ಲೇ 1977ರ ಜನವರಿಯಲ್ಲಿ ತೀರಿಕೊಂಡರು. ಆ ಚಿತ್ರವನ್ನು ನೋಡುವಾಗ ಇದು ನೆನಪಾಗದೆ ಇರುವುದಿಲ್ಲ.)

ಮರುವರ್ಷ ಬಿ. ವಿ. ಕಾರಂತರೊಡನೆ ಸೇರಿ ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ನಿರ್ದೇಶಿಸಿದರು. ನಿರ್ದೇಶನಕ್ಕೆ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಕಾರ್ನಾಡರ ಪಾತ್ರ ರಾಜ. ಇಂಗ್ಲಿಷ್ ಅಧ್ಯಾಪಕ, ತರುಣ ವಿಧವೆ ಕಾತ್ಯಾಯಿನಿಯನ್ನು ಮದುವೆಯಾಗುವವನು. ಇಲ್ಲಿ ನಾನೊಂದು ಸಂಗತಿಯನ್ನು ಹೇಳಲೇಬೇಕು. ಕಾರ್ನಾಡರ ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಕೈಯಲ್ಲೊಂದು ಮಗುವಿದ್ದು, ದಾದಿಯ ತರಬೇತಿ ಪಡೆಯುತ್ತಿದ್ದಾಗ ಡಾ. ಕಾರ್ನಾಡರ ಪರಿಚಯವಾಯಿತು. ಸಮಾಜಕ್ಕೆ ಅಂಜಿ ಹಲವು ವರ್ಷ ಕಾದು, ಕಡೆಗೆ ಆರ್ಯಸಮಾಜದ ವಿಧಿಯಂತೆ ವಿವಾಹವಾದರು. ಆ ದಂಪತಿಗಳ ಮಗನೇ ನಮ್ಮ ಗಿರೀಶ. 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಆತ್ಮಕಥೆ 'ಆಡಾಡತ ಆಯುಷ್ಯ'ದಲ್ಲಿ ಇದೆಲ್ಲವೂ ಮುಚ್ಚುಮರೆಯಿಲ್ಲದೆ ಬಂದಿದೆ. ಭೈರಪ್ಪನವರ ಕಥೆಯಲ್ಲಿ ಆ ಮದುವೆ ಫಲಿಸುವುದಿಲ್ಲ. ಗರ್ಭ ನಿಲ್ಲುವುದಿಲ್ಲ, ಕಾತ್ಯಾಯಿನಿ ಅಳಿಯುತ್ತಾಳೆ. ಅಂಥ ಮದುವೆ ಫಲಿಸಿದ್ದರಿಂದಲೇ ಹುಟ್ಟಿದವನು ಆ ರಾಜನ ಪಾತ್ರ ಮಾಡಿದ. ಕಾದಂಬರಿಯ ಧೋರಣೆಯ ಬಗ್ಗೆ ಏನೇ ಚರ್ಚೆಯಿರಲಿ, ಚಿತ್ರವನ್ನು ಮತ್ತೆ ನೋಡಿದಾಗ ರಾಜನ ಮೌನಗಳು ನನಗೆ ಬೇರೆಯಾಗಿ ಕೇಳಿಸಿದವು.

ಇನ್ನು ನನಗೆ ಅತ್ಯಂತ ಪ್ರಿಯವಾದ ಪಾತ್ರದ ವಿಷಯ. ನಾನು ಮೇಷ್ಟ್ರಾಗಿದ್ದವನು, ಆದ್ದರಿಂದ ಪಕ್ಷಪಾತವಿದ್ದರೆ ಇರಲಿ. ಶ್ಯಾಮ ಬೆನಗಲ್ಲರ 'ನಿಶಾಂತ್' (1975) ಚಿತ್ರದಲ್ಲಿ ಕಾರ್ನಾಡರು ಒಬ್ಬ ಶಾಲಾ ಮಾಸ್ತರ. ತೆಲಂಗಾಣದ ಹಳ್ಳಿ, ಜಮೀನ್ದಾರರ ಕಾಲ. ಹೊಸದಾಗಿ ವರ್ಗವಾಗಿ ಬಂದ ಮಾಸ್ತರನ ಹೆಂಡತಿಯನ್ನು ಜಮೀನ್ದಾರನ ತಮ್ಮಂದಿರು ಮನೆಯಿಂದಲೇ ಎಳೆದೊಯ್ಯುತ್ತಾರೆ. ಊರು ನೋಡಿಯೂ ನೋಡದಂತಿರುತ್ತದೆ. ಮಾಸ್ತರ ಪೊಲೀಸರ ಬಳಿಗೆ ಹೋಗುತ್ತಾನೆ, ಅಧಿಕಾರಿಗಳ ಬಾಗಿಲಿಗೆ ಹೋಗುತ್ತಾನೆ. ಎಲ್ಲ ಕಡೆಯೂ ಅದೇ ಉಪೇಕ್ಷೆ. ಕೈಯಲ್ಲಿ ಅರ್ಜಿ ಹಿಡಿದು ನಿಲ್ಲುವ ಆ ನಿಲುವು, ಎದುರಿನವನು ಕಡತದಿಂದ ಕಣ್ಣೆತ್ತುವವರೆಗೆ ಕಾಯುವ ಆ ತಾಳ್ಮೆ, ಅವಮಾನವಾದ ಮೇಲೂ ಬಿಡದ ವಿನಯ. ಶಿಕ್ಷಣ ಇಲಾಖೆಯ ಕಚೇರಿಗಳ ಬೆಂಚಿನ ಮೇಲೆ ದಿನಗಟ್ಟಲೆ ಕುಳಿತವರಿಗೆ ಅದು ಎಷ್ಟು ನಿಜವೆಂದು ಹೇಳಬೇಕಾಗಿಲ್ಲ. ಕೊನೆಗೆ ಅವನು ಗುಡಿಯ ಪೂಜಾರಿಯೊಡನೆ ಸೇರಿ ಊರನ್ನು ಎಬ್ಬಿಸುತ್ತಾನೆ. ಎದ್ದ ಊರಿನ ರೋಷಕ್ಕೆ ಜಮೀನ್ದಾರರಷ್ಟೇ ಅಲ್ಲ, ಅವನ ಹೆಂಡತಿಯೂ ಬಲಿಯಾಗುತ್ತಾಳೆ. ತಾನು ಹೊತ್ತಿಸಿದ ಬೆಂಕಿ ಎಲ್ಲಿ ನಿಲ್ಲುವುದೆಂದು ಹೊತ್ತಿಸಿದವನಿಗೇ ತಿಳಿಯದು. ಓದಿದವನ ಈ ದುರಂತವನ್ನು ಕಾರ್ನಾಡರಷ್ಟು ತಗ್ಗಿದ ದನಿಯಲ್ಲಿ ತೋರಿಸಿದ ನಟರನ್ನು ನಾನು ಕಂಡಿಲ್ಲ.

ಈ ಚಿತ್ರಕ್ಕೆ ಸೇರಿದ ಇನ್ನೊಂದು ಕಥೆಯಿದೆ. 1974-75ರಲ್ಲಿ ಕಾರ್ನಾಡರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ನಿರ್ದೇಶನದ ವಿದ್ಯಾರ್ಥಿಗಳು ತಮ್ಮ ಚಿತ್ರಗಳಿಗೆ ನಟನೆಯ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲವೆಂದು ಅಲ್ಲಿ ಮುಷ್ಕರವಾಯಿತು. ಮುಂಚೂಣಿಯಲ್ಲಿದ್ದವನು ನಸೀರುದ್ದೀನ್ ಶಾ ಎಂಬ ಹುಡುಗ. ಅವನ ವಿರೋಧವಿದ್ದದ್ದು ಕಾರ್ನಾಡರ ಆಡಳಿತಕ್ಕೇ. ಅಷ್ಟರಲ್ಲಿ ಬೆನಗಲ್ಲರು 'ನಿಶಾಂತ್'ಗೆ ಹೊಸ ಮುಖ ಹುಡುಕುತ್ತಿದ್ದರು. ಅವರಿಗೆ ನಸೀರುದ್ದೀನನ ಹೆಸರನ್ನು ಸೂಚಿಸಿದವರು ಇದೇ ಕಾರ್ನಾಡರು! ತನ್ನೆದುರು ಘೋಷಣೆ ಕೂಗಿದ ವಿದ್ಯಾರ್ಥಿಗೆ ಯೋಗ್ಯತೆಯಿದೆಯೆಂದು ಶಿಫಾರಸು ಮಾಡುವ ಪ್ರಾಂಶುಪಾಲರು ಎಷ್ಟು ಮಂದಿ ಇದ್ದಾರೆ? ನಮ್ಮ ವೃತ್ತಿಯವರು ಯೋಚಿಸಬೇಕಾದ ಮಾತು. ಆ ಚಿತ್ರದಲ್ಲಿ ಜಮೀನ್ದಾರನ ಕಿರಿಯ ತಮ್ಮನಾದವನು ನಸೀರುದ್ದೀನ್. ಇನ್ನೊಬ್ಬ ತಮ್ಮ ನಮ್ಮ ಅನಂತ ನಾಗ್.

1976ರ 'ಮಂಥನ್' ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಲ್ಲ ನೋಡಬೇಕಾದ ಚಿತ್ರ. ನಮ್ಮ ಅಡಿಕೆ ಬೆಳೆಗಾರರು ದಲಾಲರ ಹಿಡಿತದಿಂದ ಬಿಡಿಸಿಕೊಳ್ಳಲು 1923ರಷ್ಟು ಹಿಂದೆಯೇ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದವರು. ಸಹಕಾರ ಸಂಘ ಕಟ್ಟುವುದೆಂದರೇನು, ಅದನ್ನು ಮುರಿಯಲು ಯಾರು ಯಾರು ಬರುತ್ತಾರೆ ಎಂಬುದು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗುಜರಾತಿನ ಹಾಲು ಉತ್ಪಾದಕರ ಅದೇ ಕಥೆ 'ಮಂಥನ್'. ಐದು ಲಕ್ಷ ರೈತರು ತಲೆಗೆ ಎರಡೆರಡು ರೂಪಾಯಿ ಹಾಕಿ ನಿರ್ಮಿಸಿದ ಚಿತ್ರವದು. ಪೇಟೆಯಿಂದ ಬರುವ ಪಶುವೈದ್ಯ ಡಾ. ರಾವ್ ಆಗಿ ಕಾರ್ನಾಡರು ನಟಿಸಿದ್ದಾರೆ. ಒಳ್ಳೆಯವನು, ಆತುರದವನು, ಜಾತಿಯ ಲೆಕ್ಕಾಚಾರ ತಿಳಿಯದವನು. ಸಂಘ ನಿಲ್ಲುವ ಹೊತ್ತಿಗೆ ಅವನಿಗೆ ವರ್ಗವಾಗುತ್ತದೆ. ರೈಲು ಹತ್ತಿ ಹೊರಟುಬಿಡುತ್ತಾನೆ. ಊರಿನ ಭೋಲಾ (ಮತ್ತೆ ನಸೀರುದ್ದೀನ್) ಸಂಘವನ್ನು ಮುಂದುವರಿಸುತ್ತಾನೆ.

ಸರ್ಕಾರದ ಆಜ್ಞೆಯ ಮೇಲೆ ಬಂದು, ಊರಿನವರಿಗೆ ಬೇಕಾದವನಾಗಿ, ಇನ್ನೊಂದು ಆಜ್ಞೆಯ ಮೇಲೆ ಹೊರಟುಹೋಗುವ ಡಾಕ್ಟರು. ಅಂಥವರೊಬ್ಬರ ಮನೆಯಲ್ಲಿಯೇ ಕಾರ್ನಾಡರು ಬೆಳೆದರು, ಅದೂ ನಮ್ಮ ಶಿರಸಿಯಲ್ಲಿ. ಪ್ರಾಣೇಶಾಚಾರ್ಯ, ರಾಜ, ಮಾಸ್ತರ, ಡಾ. ರಾವ್ ಎಲ್ಲರೂ ಓದಿದವರು. ಊರಿನ ನಡುವೆ ಇದ್ದೂ ಊರಿನಿಂದ ಒಂದು ಮೊಳ ದೂರ ನಿಂತವರು. ತಿಳಿವಳಿಕೆಯಿದೆ, ಅದು ಆಪತ್ಕಾಲಕ್ಕೆ ಒದಗುವುದಿಲ್ಲ. ಕಾರ್ನಾಡರ ಉತ್ತಮ ನಟನೆಯೆಲ್ಲ ಈ ಒಂದು ಬಗೆಯ ಮನುಷ್ಯನ ಸುತ್ತ ಇದೆ ಎಂಬುದು ನನ್ನ ಅಭಿಪ್ರಾಯ. ಕಂಪನಿಯ ಪರದೆಯೂ ಬಯಲಾಟದ ದೊಂದಿಯೂ ಕೊಡದ ಈ ಪಾತ್ರವನ್ನು ಅವರಿಗೆ ಕೊಟ್ಟದ್ದು ಶಿರಸಿಯ ಆ ಡಾಕ್ಟರರ ಮನೆಯೇ ಇರಬೇಕು. ಇದು ನನ್ನ ಊಹೆ, ಒಪ್ಪದವರು ವಾದಿಸಬಹುದು.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಉಪಕಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1978ರಲ್ಲಿ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ನಿರ್ದೇಶಿಸಿದಾಗ, ಹೊನ್ನಾವರ ತಾಲೂಕಿನಲ್ಲಿ ಹುಟ್ಟಿ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿದ್ದ ಶಂಕರ ನಾಗ್ ಅದರ ಮೂಲಕ ಕನ್ನಡ ತೆರೆಗೆ ಬಂದರು. ಸುಮಾರು ಎಂಟು ವರ್ಷಗಳ ಬಳಿಕ ಅದೇ ಶಂಕರ ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದಾಗ, ಸ್ವಾಮಿಯ ಅಪ್ಪನ ಪಾತ್ರವನ್ನು ಕಾರ್ನಾಡರಿಗೆ ಕೊಟ್ಟರು. ಗದರದೆಯೇ ಮಗನನ್ನು ನಡುಗಿಸುವ ಆ ವಕೀಲ ಅಪ್ಪನನ್ನು ನೋಡಿ ನನ್ನ ತರಗತಿಯ ಹುಡುಗರು "ನಮ್ಮ ಅಪ್ಪಯ್ಯನೂ ಹೀಗೇ, ಸರ್" ಎಂದಿದ್ದುಂಟು.

ಮಿಕ್ಕ ಪಟ್ಟಿ ದೊಡ್ಡದು. ಬಾಸು ಚಟರ್ಜಿಯವರ 'ಸ್ವಾಮಿ' (1977), ಮರಾಠಿಯ 'ಉಂಬರಠಾ' (1982), ಕೂಚಿಪುಡಿ ಗುರುವಾಗಿ ತೆಲುಗಿನ 'ಆನಂದ ಭೈರವಿ' (1983), ಪ್ರಭುದೇವನ ಎದುರು ಖಳನಾಗಿ ತಮಿಳಿನ 'ಕಾದಲನ್' (1994), ಶಿವರಾಜಕುಮಾರರ ತಂದೆಯಾಗಿ 'ಎಕೆ 47' (1999), ಹಿಂದಿಯ 'ಇಕ್ಬಾಲ್' (2005). ಖಳ ಪಾತ್ರಗಳಲ್ಲಿ ಅವರು ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಆ ಪಾತ್ರಗಳಿಗೆ ಸಂಶಯವೇ ಇಲ್ಲ, ಸಂಶಯವಿಲ್ಲದ ಕಡೆ ಕಾರ್ನಾಡರಿಗೆ ಮಾಡಲು ಕೆಲಸವಿರಲಿಲ್ಲ. ಆದರೆ ಆ ಸಂಭಾವನೆಯಿಂದಲೇ ಮನೆ ನಡೆಯಿತು, 'ತಲೆದಂಡ', 'ಅಗ್ನಿ ಮತ್ತು ಮಳೆ' ಬರೆಯಲು ಬಿಡುವು ಸಿಕ್ಕಿತು ಎಂಬುದನ್ನು ಮರೆಯುವಂತಿಲ್ಲ. ನಾಟಕ ಬರೆದು ಹೊಟ್ಟೆ ಹೊರೆಯುವುದು ಕನ್ನಡದಲ್ಲಿ ಅಂದೂ ಸಾಧ್ಯವಿರಲಿಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನದ 'ಟರ್ನಿಂಗ್ ಪಾಯಿಂಟ್' ವಿಜ್ಞಾನ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಅದು ನಟನೆಯಲ್ಲವಾದರೂ ನಮ್ಮ ಎಷ್ಟೋ ವಿದ್ಯಾರ್ಥಿಗಳು ಅವರನ್ನು ಮೊದಲು ಕಂಡದ್ದು ಅಲ್ಲಿಯೇ.

ಕನ್ನಡದಲ್ಲಿ ಆಮೇಲೆ ಬಂದ ಎರಡು ಪಾತ್ರಗಳು ಉಳಿಯುವಂಥವು. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಿತ್ರದ ಕಳಸದ ಗೋವಿಂದಭಟ್ಟರು ಒಂದು. ಮುಸ್ಲಿಮ್ ಹುಡುಗನಿಗೆ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದ ಆ ಬ್ರಾಹ್ಮಣ ಗುರುವಿನ ಪಾತ್ರದಲ್ಲಿ ಮೊದಲ ಬಾರಿಗೆ ಕಾರ್ನಾಡರ ಓದಿದ ಮನುಷ್ಯನಿಗೆ ಸಂಶಯ ಹರಿದು ನಗು ಬಂದಿದೆ. ಅಪ್ಪಿಕೊಳ್ಳುವಾಗ, ಬೈಯುವಾಗ, ಊರಿನವರನ್ನು ಲೆಕ್ಕಿಸದೆ ನಡೆದುಹೋಗುವಾಗ ಎಲ್ಲೆಲ್ಲೂ ಒಂದು ಬಿಡುಗಡೆಯಿದೆ. ಶಿಶುನಾಳ ನಮಗೆ ಬಹಳ ದೂರದ ಊರೇನೂ ಅಲ್ಲ. ಶರೀಫರ ಪದಗಳನ್ನು ಘಟ್ಟದ ಮೇಲಿನ ನಮ್ಮ ಮನೆಗಳಲ್ಲಿಯೂ ಹಾಡುತ್ತಾರೆ. ಈ ಚಿತ್ರವನ್ನು ಇಲ್ಲಿಯ ಜನ ಎರಡೆರಡು ಸಲ ನೋಡಿದರು. ಇನ್ನೊಂದು, ಅವರೇ ನಿರ್ದೇಶಿಸಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1999). ಅಲ್ಲಿ ಅವರು ಚಂದ್ರೇಗೌಡ, ದರ್ಪದ ಯಜಮಾನ. 'ನಿಶಾಂತ್'ನ ಮಾಸ್ತರ ಇಪ್ಪತ್ತನಾಲ್ಕು ವರ್ಷದ ನಂತರ ಜಮೀನ್ದಾರನ ಕುರ್ಚಿಯಲ್ಲಿ ಕುಳಿತಿದ್ದ.

ಕೊನೆಯ ವರ್ಷಗಳಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಮೂಗಿಗೆ ಆಮ್ಲಜನಕದ ನಳಿಕೆ ಧರಿಸಿಯೇ ಸಭೆಗಳಿಗೆ ಬರುತ್ತಿದ್ದರು. 2018ರ ಸೆಪ್ಟೆಂಬರಿನಲ್ಲಿ ಗೌರಿ ಲಂಕೇಶರ ಸ್ಮರಣೆಯ ಸಭೆಗೆ ಕೊರಳಲ್ಲಿ 'ನಾನೂ ನಗರ ನಕ್ಸಲ' ಎಂಬ ಫಲಕ ತೂಗಿಹಾಕಿಕೊಂಡು ಬಂದದ್ದನ್ನು ಮೆಚ್ಚಿದವರೂ ಬೈದವರೂ ನಮ್ಮ ಬಂಧುವರ್ಗದಲ್ಲಿಯೇ ಇದ್ದಾರೆ. ಆ ಚರ್ಚೆಯನ್ನು ಊಟದ ಪಂಕ್ತಿಗೆ ಬಿಡುತ್ತೇನೆ. 2012ರ 'ಏಕ್ ಥಾ ಟೈಗರ್' ಮತ್ತು 2017ರ 'ಟೈಗರ್ ಜಿಂದಾ ಹೈ' ಚಿತ್ರಗಳಲ್ಲಿ ಅವರು ಬೇಹುಗಾರಿಕೆಯ ಮುಖ್ಯಸ್ಥ ಡಾ. ಶೆಣೈ. ಕೊಂಕಣಿ ಮನೆಯ ಹುಡುಗನಿಗೆ ಕಡೆಗೂ ಹಿಂದಿ ಚಿತ್ರದಲ್ಲೊಂದು ಕೊಂಕಣಿ ಹೆಸರು ಸಿಕ್ಕಿತು.

2019ರ ಜೂನ್ 10ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಸರ್ಕಾರಿ ಗೌರವ, ಮೆರವಣಿಗೆ, ಧಾರ್ಮಿಕ ವಿಧಿ ಯಾವುದೂ ನಡೆಯಲಿಲ್ಲ. ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರ ಅಂತ್ಯಸಂಸ್ಕಾರಕ್ಕೆ ಮಂತ್ರ ಹೇಳುವವರಿರಲಿಲ್ಲ ಎಂದು ಅಂದು ಯಾರೋ ಆಡಿಕೊಂಡರು. ಆ ಕಾದಂಬರಿಯನ್ನು ಓದಿದವರು ಹಾಗೆ ಆಡಲಾರರು.

2024ರ ಮೇ ತಿಂಗಳಲ್ಲಿ 'ಮಂಥನ್' ಚಿತ್ರದ ಸಂರಕ್ಷಿತ ಪ್ರತಿಯನ್ನು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ನಸೀರುದ್ದೀನ್ ಶಾ ಅಲ್ಲಿದ್ದರು. ಜೂನ್ ಆರಂಭದಲ್ಲಿ ನಮ್ಮ ದೇಶದ ಹಲವು ನಗರಗಳ ಚಿತ್ರಮಂದಿರಗಳಲ್ಲಿಯೂ ಅದು ಮತ್ತೆ ಪ್ರದರ್ಶಿತವಾಯಿತು. ನೋಡಿರದವರು 'ನಿಶಾಂತ್' ಮತ್ತು 'ಮಂಥನ್'ಗಳನ್ನು ಇದೇ ಕ್ರಮದಲ್ಲಿ ಒಂದರ ಹಿಂದೊಂದು ನೋಡಿ, ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕೂರಿಸಿಕೊಳ್ಳಿ. ಡಾ. ರಾವ್ ರೈಲು ಹತ್ತಿ ಹೊರಟದ್ದು ಸರಿಯೋ ತಪ್ಪೋ ಎಂಬುದನ್ನು ನನಗೆ ಬರೆದು ತಿಳಿಸಿ.